ಹಾಸ್ಟೆಲ್ ನೋಡಾಕ ಹೋದ್ರ ಮೊದಲ ಬಚ್ಚಲ ನೋಡ್ರಿ



ರಿಸಲ್ಟ್ ಬಂದ ಮ್ಯಾಲೆ ನಮ್ಮ ಊರುಗಳಲ್ಲಿ ಪ್ರತಿ ವರ್ಷ ಅವೇ ಮಾತು. ಯಾವ ಕಾಲೇಜು? ಫೀ ಎಷ್ಟು? ಊಟ ಹೆಂಗ? ಬಸ್ಸು ಎಷ್ಟಕ್ಕ? ಉಮದಿ, ಸಂಖ, ಮಾಡಗ್ಯಾಳ, ತಿಕ್ಕುಂಡಿ, ಬಿಳೂರ, ಉಮರಾಣಿ ಯಾವ ಊರಿಗೆ ಹೋದರೂ ಪಾಲಕರು ಇವನ್ನೇ ಕೇಳತಾರ. ನಾವೂ ಇಷ್ಟು ದಿನ ಇವಕ್ಕೇ ಉತ್ತರ ಹೇಳ್ಕೋತ ಬಂದೀವಿ. ಒಂದು ಪ್ರಶ್ನೆ ಮಾತ್ರ ಯಾರೂ ಕೇಳಲಿಲ್ಲ, ನಾವೂ ಎತ್ತಲಿಲ್ಲ: ನಮ್ಮ ಮಕ್ಕಳು ಅಲ್ಲಿ ಜಳಕ ಎಲ್ಲಿ ಮಾಡತಾರ?

ನಗಬ್ಯಾಡ್ರಿ. ಇದು ಸಣ್ಣ ಮಾತಲ್ಲ.

ನಮ್ಮ ಪೂರ್ವ ಭಾಗದ ಒಂದು ಹಳ್ಳಿಯ ಹುಡುಗಿ. ಹತ್ತನೆಯ ತನಕ ಕನ್ನಡ ಮಾಧ್ಯಮ. ಮುಂದೆ ಕಷ್ಟಪಟ್ಟು ಪದವಿ ಮುಗಿಸಿ, ಎಂ.ಎಸ್ಸಿ. ಓದಲು ದೂರದ ಊರಿಗೆ ಹೋದಳು. ಎರಡೂವರೆ ತಿಂಗಳಿಗೆ ಗಂಟು ಕಟ್ಟಿಕೊಂಡು ವಾಪಸ್ ಬಂದಳು. ಮನೆಯವರು “ಮನಿ ನೆನಪಾಗೇತಿ” ಅಂದರು. ಓಣಿಯವರು “ಅಭ್ಯಾಸ ಜಡ ಆಗಿರಬೇಕು” ಅಂದರು. ನಮ್ಮ ಬಳಗದ ಒಬ್ಬ ಅಕ್ಕ ಪಕ್ಕದಲ್ಲಿ ಕೂತು ಸಮಾಧಾನದಿಂದ ಕೇಳಿದಾಗ ಗೊತ್ತಾದದ್ದು ಬೇರೆಯೇ. ಅಲ್ಲಿ ಅರವತ್ತು ಹುಡುಗಿಯರಿಗೆ ನಾಲ್ಕು ಬಚ್ಚಲು. ಒಂದರ ಚಿಲಕ ಮುರಿದಿತ್ತು. ಒಬ್ಬಳು ಒಳಗಿದ್ದರೆ ಇನ್ನೊಬ್ಬಳು ಹೊರಗೆ ನಿಂತು ಬಾಗಿಲು ಹಿಡಿಯಬೇಕು. ನಸುಕಿನ ನಾಲ್ಕೂವರೆಗೆ ಎದ್ದರಷ್ಟೇ ಪಾಳಿ ಸಿಗುವುದು. ಮುಟ್ಟಿನ ದಿನಗಳಲ್ಲಂತೂ ಕ್ಲಾಸಿಗೆ ಹೋಗುವುದನ್ನೇ ಬಿಟ್ಟಿದ್ದಳು.

“ಮತ್ತ ರೆಕ್ಟರಿಗೆ ಯಾಕ ಹೇಳಲಿಲ್ಲವ್ವಾ?” ಅಂತ ಅಕ್ಕ ಕೇಳಿದಳು.

“ಯಾವ ಭಾಷಾದಾಗ ಹೇಳ್ಲಿ ಅಕ್ಕಾ?”

ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ಆ ಹುಡುಗಿಗೆ ಮರಾಠಿ ಬರುತ್ತದೆ. ಬಸ್ಸಿನಲ್ಲಿ, ಬಜಾರದಲ್ಲಿ, ಆಫೀಸಿನಲ್ಲಿ ಮಾತಾಡುತ್ತಾಳೆ. ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುತ್ತಾಳೆ. ಆದರೆ ಮೈ ತೊಳೆಯುವ ಜಾಗದ ಬಗ್ಗೆ, ಮುಟ್ಟಿನ ಬಗ್ಗೆ, ಬಾಗಿಲ ಸಂದಿಯ ಬಗ್ಗೆ ಪರಿಚಯವಿಲ್ಲದ ಹಿರಿಯರ ಮುಂದೆ ಹೇಳಬೇಕಾದರೆ ತಾಯಿಯ ಭಾಷೆಯೇ ಬೇಕಾಗುತ್ತದೆ. ನಾಚಿಕೆ ಒಂದು ಕಡೆ, ತಪ್ಪು ಶಬ್ದ ಬಿದ್ದರೆ ನಗತಾರೆ ಅನ್ನುವ ಹೆದರಿಕೆ ಇನ್ನೊಂದು ಕಡೆ. ಎರಡೂ ಕೂಡಿ ಬಾಯಿ ಕಟ್ಟಿದವು. ಊಟ ಕೆಟ್ಟರೆ ಮಕ್ಕಳು ಫೋನು ಮಾಡಿ ಹೇಳತಾರ. ಬಚ್ಚಲು ಕೆಟ್ಟರೆ ಹೇಳೂದಿಲ್ಲ, ಮನೆಗೆ ಬಂದುಬಿಡತಾರ.

ಮಹಾರಾಷ್ಟ್ರ ಸರ್ಕಾರ 2024-25ರಿಂದ ವೃತ್ತಿಪರ ಕೋರ್ಸು ಸೇರುವ ಆರ್ಥಿಕವಾಗಿ ಹಿಂದುಳಿದ ಮತ್ತು ಹಿಂದುಳಿದ ವರ್ಗಗಳ ಹೆಣ್ಣುಮಕ್ಕಳಿಗೆ, ಮನೆಯ ವರ್ಷದ ಆದಾಯ 8 ಲಕ್ಷದ ಒಳಗಿದ್ದರೆ, ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮಾಫಿ ಮಾಡಿದೆ. ಒಳ್ಳೆಯ ನಿರ್ಧಾರ, ನಾವು ಸ್ವಾಗತಿಸುತ್ತೇವೆ. ಆದರೆ ಫೀ ಮಾಫಿಯಾದ ಹುಡುಗಿಯೂ ಒಂದು ಚಿಲಕಕ್ಕಾಗಿ ಓದು ಬಿಟ್ಟು ಬರಬಹುದು. ಅದಕ್ಕೇ ಈ ಸಲದ ನಮ್ಮ ಮಾತು ಬಚ್ಚಲಿನದು.

ಹಾಸ್ಟೆಲ್ಲಿನ ಜಳಕದ ಪ್ರಶ್ನೆ ನಮ್ಮ ಈ ಭಾಗಕ್ಕೆ ಹೊಸದೇನಲ್ಲ. ಕೊಲ್ಹಾಪುರದಲ್ಲಿ ರಾಜರ್ಷಿ ಶಾಹೂ ಮಹಾರಾಜರು 1901ರಿಂದ ಬೇರೆ ಬೇರೆ ಸಮಾಜದ ಮಕ್ಕಳಿಗೆ ಬೋರ್ಡಿಂಗುಗಳು ಏಳುವಂತೆ ಮಾಡಿದರು. ಹಳ್ಳಿಯ ಬಡ ಹುಡುಗರು ಪಟ್ಟಣದಲ್ಲಿ ಉಳಿದು ಓದಲು ಸಾಧ್ಯವಾದದ್ದು ಅದರಿಂದ. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಶುರುವಾಯಿತು. ನಮ್ಮದೇ ಸಾಂಗ್ಲಿ ಜಿಲ್ಲೆಯ ಐತವಡೆ ಬುದ್ರುಕ್ ಮನೆತನದ ಭಾವುರಾವ್ ಪಾಟೀಲರು ಆಗ ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದ ವಿದ್ಯಾರ್ಥಿ. ಅವರ ಜೀವನಚರಿತ್ರೆ ಬರೆದವರು ಹೇಳುವ ಪ್ರಸಂಗ ಇದು: ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಹೋಗಿ ಬಂದ ಭಾವುರಾವ್‌ಗೆ, ಜಳಕ ಮಾಡಿ ಶುದ್ಧವಾಗದೆ ಊಟಕ್ಕೆ ಕೂಡಬಾರದು ಎಂದರು. ಭಾವುರಾವ್ ಜಳಕ ಮಾಡಲು ಒಪ್ಪಲಿಲ್ಲ. ಬೋರ್ಡಿಂಗ್ ಬಿಡಬೇಕಾಯಿತು.

ಮುಂದೆ ಅದೇ ಭಾವುರಾವ್ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದರು. 1924ರಲ್ಲಿ ಸಾತಾರೆಯಲ್ಲಿ ತೆಗೆದ ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಹುಡುಗರು ಒಂದೇ ಸೂರಿನಡಿ ಉಂಡು, ಉಳಿದು, ಓದಿದರು. 1927ರಲ್ಲಿ ಗಾಂಧೀಜಿ ಬಂದು ಆ ಬೋರ್ಡಿಂಗಿಗೆ ಶಾಹೂ ಮಹಾರಾಜರ ಹೆಸರಿಟ್ಟರು. ಯಾರು ಯಾವಾಗ ಎಲ್ಲಿ ಜಳಕ ಮಾಡಬೇಕು ಅನ್ನುವುದರಲ್ಲೇ ಒಬ್ಬರ ಮಾನ ಇರುತ್ತದೆ ಅಂತ ಆ ಕಾಲದ ಹುಡುಗನೊಬ್ಬನಿಗೆ ತಿಳಿದಿತ್ತು. ಇವತ್ತು ಕೋಟಿಗಟ್ಟಲೆ ಖರ್ಚು ಮಾಡಿ ಹಾಸ್ಟೆಲ್ ಕಟ್ಟುವವರಿಗೆ ಅದು ಯಾಕ ತಿಳೀಬಾರದು?

ಈಗ ಲೆಕ್ಕಕ್ಕೆ ಬರೋಣ. ಅರವತ್ತು ಮಂದಿಗೆ ನಾಲ್ಕು ಬಚ್ಚಲು ಅಂದರೆ ಒಂದಕ್ಕೆ ಹದಿನೈದು ಮಂದಿ. ಒಬ್ಬರಿಗೆ ಹತ್ತು ನಿಮಿಷ ಹಿಡಿದರೂ 150 ನಿಮಿಷ, ಅಂದರೆ ಎರಡೂವರೆ ತಾಸು. ಎಂಟಕ್ಕೆ ಕ್ಲಾಸು ಇದ್ದರೆ ಮೊದಲಿನವಳು ಐದರ ಒಳಗೆ ಬಕೀಟು ಹಿಡಿದು ನಿಲ್ಲಬೇಕು. ಅದೇ ಎಂಟು ಮಂದಿಗೆ ಒಂದು ಬಚ್ಚಲು ಇದ್ದರೆ 80 ನಿಮಿಷದಲ್ಲಿ ಎಲ್ಲರದೂ ಮುಗಿಯುತ್ತದೆ. ಎಂಟಕ್ಕೆ ಒಂದು ಅನ್ನುವುದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ. ಹಾಸ್ಟೆಲ್ ನೋಡಲು ಹೋದಾಗ ಮಂಚ ಎಣಿಸಿದ ಹಾಗೆ ಬಚ್ಚಲೂ ಎಣಿಸಿರಿ. ಬೀಗ ಹಾಕಿದ್ದು, ಸ್ಟೋರ್ ಮಾಡಿದ್ದು, “ರಿಪೇರಿ ಅದ” ಅಂದದ್ದು ಲೆಕ್ಕಕ್ಕೆ ಹಿಡಿಯಬ್ಯಾಡ್ರಿ.

ಎರಡನೆಯದು ನೀರು. ಹಾಸ್ಟೆಲ್ಲಿನಲ್ಲಿ ಇರುವ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಅಂತ ಭಾರತೀಯ ಮಾನಕ ಬ್ಯೂರೋದ ಕಟ್ಟಡ ನೀರಿನ ಮಾನದಂಡ ಹೇಳುತ್ತದೆ. ಹಳ್ಳಿ ಮನೆಗಳಿಗೆ ಜಲ ಜೀವನ ಮಿಷನ್ ಇಟ್ಟುಕೊಂಡ ಗುರಿ ಒಬ್ಬರಿಗೆ 55 ಲೀಟರ್. ಬೇಸಿಗೆಯಲ್ಲಿ ಟ್ಯಾಂಕರ್ ಹಾದಿ ಕಾಯುವ ನಮ್ಮ ಜತ್ತದವರಿಗೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ನಮ್ಮ ಮಕ್ಕಳು ಕಡಿಮೆ ನೀರಿನಲ್ಲಿ ಸುಧಾರಿಸಿಕೊಳ್ಳತಾರೆ, ತಕರಾರು ಮಾಡುವುದಿಲ್ಲ. ಇದು ಅವರ ದೊಡ್ಡ ಗುಣ. ಆದರೆ ಅದನ್ನೇ ನೆಪ ಮಾಡಿಕೊಂಡು ಅವರಿಗೆ ಅರ್ಧ ಬಕೀಟು ಕೊಡುವುದು ನ್ಯಾಯವಲ್ಲ.

ಇಲ್ಲಿ ಒಂದು ಆಯ್ಕೆಯ ಪ್ರಶ್ನೆ ಬರುತ್ತದೆ: ಶವರೋ, ಬಕೀಟೋ? ಹೊಸ ಹಾಸ್ಟೆಲ್ಲಿನ ಫೋಟೋದಲ್ಲಿ ಶವರ್ ಹೊಳೆಯುತ್ತಾ ಕಾಣುತ್ತದೆ. ಆದರೆ ಸಾಮಾನ್ಯ ಶವರಿನಿಂದ ನಿಮಿಷಕ್ಕೆ ಸುಮಾರು ಹತ್ತು ಲೀಟರ್ ನೀರು ಹೋಗುತ್ತದೆ. ಎಂಟು ನಿಮಿಷ ನಿಂತರೆ 80 ಲೀಟರ್. ಬಕೀಟು, ತಂಬಿಗೆ ಹಿಡಿದರೆ 20 ಲೀಟರಿನಲ್ಲಿ ಒಂದು ಜಳಕ ಆಗುತ್ತದೆ. ತಲೆ ಮ್ಯಾಲೆ ಎರಕೊಳ್ಳುವ ದಿನ, ಉದ್ದ ಕೂದಲಿದ್ದರೆ ಎರಡು ಬಕೀಟು. ನಮ್ಮ ಬರದ ಸೀಮೆಗೆ, ವಿಜಯಪುರ, ಸೊಲ್ಲಾಪುರದಂಥ ಊರಿಗೆ ಬಕೀಟೇ ಲೇಸು ಅನ್ನುವುದು ನಮ್ಮ ಅಭಿಪ್ರಾಯ. ಶವರ್ ಹಾಕುವುದೇ ಆದರೆ ನೀರು ಕಡಿಮೆ ಹರಿಯುವಂಥದ್ದನ್ನು ಹಾಕಲಿ, ಜೊತೆಗೆ ಕೆಳಗೊಂದು ನಲ್ಲಿಯೂ ಇರಲಿ. 2024ರ ಬೇಸಿಗೆಯಲ್ಲಿ ನೀರು ಸಾಲದೆ ಬೆಂಗಳೂರು ಜಲಮಂಡಳಿ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು. ನೀರಿನ ಜೊತೆ ಗಾಳಿ ಬೆರೆಸಿ ಧಾರೆಯನ್ನು ಸಣ್ಣದು ಮಾಡುವ ಆ ಜಾಳಿಗೆ ಅಗ್ಗದ ವಸ್ತು. ಕೈ ತೊಳೆಯುವ ನಲ್ಲಿಗಳಿಗೆ ಅದು ಬರೋಬ್ಬರಿ. ಬಕೀಟು ತುಂಬುವ ನಲ್ಲಿಗೆ ಮಾತ್ರ ಹಾಕಬಾರದು, ಪಾಳಿ ಇನ್ನೂ ಉದ್ದ ಆಗತದ.

ಮೂರನೆಯದು, ಕೋಣೆಯೊಳಗೆ ಅಟ್ಯಾಚ್ಡ್ ಬಾತ್‌ರೂಮೋ, ಮಹಡಿಗೆಲ್ಲ ಸೇರಿ ಸಾಮಾನ್ಯ ಬಚ್ಚಲೋ? ಪಾಲಕರು ಅಟ್ಯಾಚ್ಡ್ ಅಂದ ಕೂಡಲೇ ಖುಷಿಯಾಗಿ ಹೆಚ್ಚಿನ ಬಾಡಿಗೆಗೆ ಒಪ್ಪಿಬಿಡುತ್ತಾರೆ. ರಾತ್ರಿ ಹೊರಗೆ ಹೋಗಬೇಕಿಲ್ಲ, ಪಾಳಿ ಇಲ್ಲ, ಕಾಯಿಲೆ ಬಿದ್ದಾಗ ಅನುಕೂಲ. ಇದೆಲ್ಲ ನಿಜ. ಆದರೆ ಅದನ್ನು ತೊಳೆಯುವವರು ಯಾರು? ಎಷ್ಟೋ ಕಡೆ ಕೋಣೆಯೊಳಗಿನ ಬಚ್ಚಲು ಅಲ್ಲಿರುವ ವಿದ್ಯಾರ್ಥಿಗಳ ಪಾಲಿಗೇ ಬರುತ್ತದೆ. ಪೈಪು ಕಟ್ಟಿದರೆ ಹೇಳುವವರಿಲ್ಲ, ಕೇಳುವವರಿಲ್ಲ. ಸಾಮಾನ್ಯ ಬಚ್ಚಲಿನಲ್ಲಿ ದಿನಕ್ಕೆರಡು ಸಲ ತೊಳೆಯುವ ನೌಕರರಿದ್ದರೆ, ಮಹಡಿ ಮಹಡಿಗೂ ಬಚ್ಚಲಿದ್ದರೆ, ಎಂಟಕ್ಕೊಂದರ ಲೆಕ್ಕ ಸರಿಯಿದ್ದರೆ ಅದೂ ಒಳ್ಳೆಯದೇ, ಖರ್ಚೂ ಕಡಿಮೆ. ಹಾಗಾಗಿ “ಅಟ್ಯಾಚ್ಡ್ ಅದ ಏನು?” ಅಂತ ಕೇಳುವುದಕ್ಕಿಂತ “ದಿನಾ ಯಾರು ತೊಳೀತಾರ? ಎಷ್ಟಕ್ಕ ತೊಳೀತಾರ?” ಅಂತ ಕೇಳ್ರಿ. ಹಾಗೆಯೇ, ತೊಳೆಯುವ ಆ ಅಕ್ಕ-ಅಣ್ಣನಿಗೆ ಕೈಗವಸು, ಬೂಟು, ಸರಿಯಾದ ಪಗಾರ ಇದೆಯೋ ಇಲ್ಲವೋ ಅನ್ನುವುದನ್ನೂ ನೋಡ್ರಿ. ಅವರಿಗೆ ಮಾನ ಕೊಡದ ಹಾಸ್ಟೆಲ್ ನಿಮ್ಮ ಮಕ್ಕಳಿಗೂ ಕೊಡುವುದಿಲ್ಲ.

ಗಂಡುಹುಡುಗರ ಹಾಸ್ಟೆಲ್ಲಿನಲ್ಲಿ ಈಗಲೂ ಕೆಲವು ಕಡೆ ಉದ್ದನೆಯ ಕಟ್ಟೆ, ಸಾಲು ನಲ್ಲಿ, ನಡುವೆ ಗೋಡೆ ಇಲ್ಲ. “ಗಂಡಸರಿಗೇನು ನಾಚಿಕಿ?” ಅನ್ನುತ್ತಾರೆ. ನಮ್ಮ ಹುಡುಗರೂ ಹೊಳಿ, ಬಾವಿ, ಕೆನಾಲಿನಲ್ಲಿ ಈಸಿ ಬೆಳೆದವರೇ. ಆದರೆ ಗೆಳೆಯರ ಜೊತೆ ಬಾವಿಗೆ ಹಾರುವುದು ಬೇರೆ, ಪರಊರಿನಲ್ಲಿ ಸೀನಿಯರುಗಳ ಮುಂದೆ ದಿನಾ ಮೈ ಬಿಚ್ಚಿ ನಿಲ್ಲುವುದು ಬೇರೆ. ಚೇಷ್ಟೆ, ರ‍್ಯಾಗಿಂಗು ಶುರುವಾಗುವುದು ಇಂಥ ಜಾಗದಲ್ಲೇ. ಮೈಮೇಲೆ ತೊನ್ನು, ಸುಟ್ಟ ಕಲೆ ಇದ್ದ ಹುಡುಗ ಯಾರಿಗೂ ಹೇಳದೆ ರಾತ್ರಿ ಹನ್ನೊಂದಕ್ಕೆ ಜಳಕ ಮಾಡುತ್ತಾನೆ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಹಳೆಯ ಸಾಮೂಹಿಕ ಶವರುಗಳನ್ನು ತೆಗೆದು ಒಬ್ಬೊಬ್ಬರ ಕೋಣೆ ಮಾಡಿವೆ. ಗಂಡಾಗಲಿ ಹೆಣ್ಣಾಗಲಿ, ಒಳಗಿನಿಂದ ಚಿಲಕ ಬೀಳುವ ಒಂದು ಪುಟ್ಟ ಕೋಣೆ ಪ್ರತಿಯೊಬ್ಬರಿಗೂ ಬೇಕು.

ಆ ಕೋಣೆಯಲ್ಲಿ ಏನೇನು ಇರಬೇಕು ಅನ್ನುವುದನ್ನು ನಮ್ಮ ಹುಡುಗಿಯರೇ ನಮಗೆ ಹೇಳಿದರು. ನೆಲದಿಂದ ಮೇಲಿನ ತನಕ ಬಾಗಿಲು. ಒಣ ಬಟ್ಟೆ ಇಡಲು ನೀರು ಸಿಡಿಯದ ಎತ್ತರದಲ್ಲಿ ಒಂದು ಗೂಡು. ಎರಡು ಮೊಳೆಯಾದರೂ ಸಾಕು, ಆದರೆ ಗಟ್ಟಿ ಇರಲಿ. ಬಟ್ಟೆ ಬದಲಿಸಲು ಒಂದು ಒಣ ಮೂಲೆ. ಜಾರದ ಫರಸಿ. ಮೋರಿ ಕಡೆಗೆ ಇಳಿಜಾರು. ಎತ್ತರದಲ್ಲಿ ಕಿಟಕಿ, ಗಾಳಿ ಆಡಬೇಕು, ಹೊರಗಿನವರಿಗೆ ಒಳಗಿನದು ಕಾಣಬಾರದು. ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ. ಒಳಬಟ್ಟೆ ಒಣಹಾಕಲು ಬಿಸಿಲು ಬೀಳುವ, ಮರೆಯಿರುವ ಜಾಗ. ಈ ಕೊನೆಯದನ್ನು ಯಾವ ಎಂಜಿನಿಯರನೂ ನಕಾಶೆಯಲ್ಲಿ ಬರೆದದ್ದು ನಾವು ನೋಡಿಲ್ಲ. ಹಸಿ ಒಳಬಟ್ಟೆ ಹಾಕಿಕೊಂಡು ತಿಂಗಳುಗಟ್ಟಲೆ ತುರಿಕೆ ಅನುಭವಿಸಿದ ಹುಡುಗಿಯರನ್ನು ಮಾತ್ರ ನೋಡಿದ್ದೇವೆ. ನೆಲಮಹಡಿಯಲ್ಲಿ ಒಂದಾದರೂ ಮೆಟ್ಟಿಲಿಲ್ಲದ, ಅಗಲ ಬಾಗಿಲಿನ, ಹಿಡಿಕೆ ಇರುವ ಬಚ್ಚಲು ಇರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಇದು ಯಾರ ಉಪಕಾರವೂ ಅಲ್ಲ.

ಇನ್ನು ಬಿಸಿನೀರು. ಮನೆಯಲ್ಲಿ ಹಂಡೆ, ಇಲ್ಲವೆ ತಾಮ್ರದ ಬಂಬು. ಹಾಸ್ಟೆಲ್ಲಿನಲ್ಲಿ ಏನು? ಬಿಸಿನೀರು ಕೊಡದಿದ್ದರೆ ಮಕ್ಕಳು ಬಜಾರದಿಂದ ಅಗ್ಗದ ಹೀಟರ್ ರಾಡು ತಂದು ಕದ್ದುಮುಚ್ಚಿ ಬಕೀಟಿನಲ್ಲಿ ಇಳಿಬಿಡುತ್ತಾರೆ. ನೀರು ಬಿಸಿಯಾಗಿದೆಯೇ ಅಂತ ಸ್ವಿಚ್ ಆಫ್ ಮಾಡದೆ ಬೆರಳು ಅದ್ದಿದರೆ ಜೀವಕ್ಕೇ ಅಪಾಯ. ಮುಚ್ಚಿದ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇಟ್ಟರೆ ಅದಕ್ಕಿಂತ ಕೆಟ್ಟದ್ದು. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಒಳಗಿದ್ದವರಿಗೆ ತಿಳಿಯುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಖಾಸಗಿ ರೂಮು, ಪಿ.ಜಿ. ನೋಡುವಾಗ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಕಂಡರೆ ಆ ರೂಮು ಬ್ಯಾಡ ಅನ್ರಿ.

ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬರ ಇಲ್ಲ. ಚಳಿಗಾಲದಲ್ಲಿ ತೊಟ್ಟಿಯ ನೀರು 20 ಡಿಗ್ರಿ, ಸೋಲಾರ್ ನೀರು 60 ಡಿಗ್ರಿ ಅಂತ ಹಿಡಿದರೆ, ಸಮಸಮ ಬೆರೆಸಿದಾಗ 40 ಡಿಗ್ರಿಯ ಹದವಾದ ನೀರು ಸಿಗುತ್ತದೆ. ಒಬ್ಬರಿಗೆ 20 ಲೀಟರ್ ಬಿಸಿನೀರು ಕೊಟ್ಟರೆ ಎರಡು ಬಕೀಟು ಬೆಚ್ಚನೆಯ ನೀರಾಯಿತು. ನೂರು ಮಂದಿಗೆ 2000 ಲೀಟರ್. 100 ಲೀಟರಿಗೆ ಸುಮಾರು ಎರಡು ಚದರ ಮೀಟರ್ ಫಲಕ ಹಿಡಿದರೆ, ಮಾಳಿಗೆಯ ಮೇಲೆ 40 ಚದರ ಮೀಟರ್ ಫಲಕ. ಇದೇನು ಆಗದ ಮಾತಲ್ಲ. ಬೋರಿನ ಗಡಸು ನೀರಿಗೆ ಪೈಪಿನೊಳಗೆ ಬಿಳಿ ಪದರ ಕಟ್ಟುತ್ತದೆ. ಅದಕ್ಕೆ ಗಡಸು ನೀರಿಗೆ ತಕ್ಕ ಸೋಲಾರನ್ನೇ ಕೇಳಿ ಹಾಕಿಸಬೇಕು, ಆಗಾಗ ತೊಳೆಸಬೇಕು. ಮೋಡದ ದಿನಗಳಿಗೆ ಕಟ್ಟಡದ ಹೊರಗೆ ಒಂದು ದೊಡ್ಡ ಬಾಯ್ಲರ್ ಇರಲಿ. ವಿದ್ಯುತ್ ಗೀಸರ್ ಇದ್ದರೆ ಅರ್ಥಿಂಗ್ ಇರಬೇಕು, ಸೋರಿಕೆ ಆದ ಕ್ಷಣ ಕರೆಂಟು ಕಡಿಯುವ ಆರ್‌ಸಿಸಿಬಿ ಇರಬೇಕು.

ಮೊಬೈಲಿನ ಮಾತನ್ನೂ ಹೇಳಲೇಬೇಕು. 2022ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಮೊಹಾಲಿಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲ್ ಬಚ್ಚಲಿನ ವಿಡಿಯೋ ವಿಷಯಕ್ಕೆ ಸಾವಿರಾರು ವಿದ್ಯಾರ್ಥಿಗಳು ರಾತ್ರೋರಾತ್ರಿ ಬೀದಿಗಿಳಿದರು. ಅಂದಿನಿಂದ ಪಾಲಕರ ಹೆದರಿಕೆ ಹೆಚ್ಚಾಗಿದೆ, ಅದು ಸಹಜ. ಆದರೆ ಹೆದರಿ ಹುಡುಗಿಯನ್ನು ಮನೆಯಲ್ಲಿ ಕೂಡಿಸುವುದು ಉತ್ತರವಲ್ಲ. ಗೋಡೆಯ ಮೇಲಿನ ತೆರೆದ ಸಂದಿ ಮುಚ್ಚಿಸುವುದು, ಪಕ್ಕದ ಬಚ್ಚಲಿನಿಂದ ಇಣುಕಲಾಗದಂತೆ ಗೋಡೆಯನ್ನು ಛಾವಣಿಯ ತನಕ ಎಬ್ಬಿಸುವುದು ಉತ್ತರ.

ನಮ್ಮ ಮಕ್ಕಳು ಇವತ್ತು ನಾಲ್ಕು ದಿಕ್ಕಿಗೂ ಹೋಗುತ್ತಿದ್ದಾರೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ, ಸೊಲ್ಲಾಪುರದ ಅಹಿಲ್ಯಾದೇವಿ ಹೋಳ್ಕರ್ ವಿಶ್ವವಿದ್ಯಾಲಯ, ವಿಜಯಪುರ ಹತ್ತಿರದ ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಧಾರವಾಡ, ಬೆಳಗಾವಿ. ಕರ್ನಾಟಕದ ಸಿಇಟಿಯಲ್ಲಿ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕಿನ ಕನ್ನಡಿಗರಿಗೆ ಗಡಿನಾಡಿನ ನಿಯಮದಡಿ ಅವಕಾಶವಿರುವುದರಿಂದ ಎಂಜಿನಿಯರಿಂಗಿಗೂ ಹೋಗುತ್ತಾರೆ. ಗಡಿಯ ಆಚೆಗಾದರೂ ಈಚೆಗಾದರೂ ಬಚ್ಚಲಿನ ತೊಂದರೆ ಒಂದೇ. ಕನ್ನಡ ನಾಡಿನ ಹಾಸ್ಟೆಲ್ ಅಂದ ಮಾತ್ರಕ್ಕೆ ಚಿಲಕ ತಾನಾಗೇ ಗಟ್ಟಿ ಇರೂದಿಲ್ಲ. ಆದರೆ ಮಹಾರಾಷ್ಟ್ರದೊಳಗಿನ ಹಾಸ್ಟೆಲ್ಲುಗಳಲ್ಲಿ ನಮ್ಮ ಮಕ್ಕಳಿಗೆ ಭಾಷೆಯ ಭಾರವೂ ಸೇರುತ್ತದೆ.

ಅದಕ್ಕೆ ಒಂದು ಮಾತು ಎಲ್ಲ ವಿದ್ಯಾರ್ಥಿಗಳಿಗೂ ತಿಳಿದಿರಲಿ. ಸಂವಿಧಾನದ 350ನೆಯ ವಿಧಿಯಂತೆ, ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ದೂರು ಕೊಡಬಹುದು. ಸರ್ಕಾರಿ ಹಾಸ್ಟೆಲ್ಲಿನ ಬಚ್ಚಲಿನ ಬಾಗಿಲು ಮುರಿದಿದೆ ಅಂತ ಸಮಾಜ ಕಲ್ಯಾಣ ಅಧಿಕಾರಿಗೆ ಕನ್ನಡದಲ್ಲಿ ಅರ್ಜಿ ಬರೆಯುವುದು ನಿಮ್ಮ ಹಕ್ಕು. ಇನ್ನೊಂದು, ಯುಜಿಸಿಯ 2023ರ ನಿಯಮದಂತೆ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ಕೊಡುತ್ತೇವೆ ಅಂದ ಸೌಲಭ್ಯ ಕೊಡದಿದ್ದರೆ ಅದೂ ಕುಂದುಕೊರತೆಯೇ. ಹಾಗಾಗಿ “24 ತಾಸು ಬಿಸಿನೀರು” ಅಂತ ಅಚ್ಚು ಹಾಕಿಸಿದ ಪ್ರಾಸ್ಪೆಕ್ಟಸ್ ಒಗೆಯಬ್ಯಾಡ್ರಿ, ಜ್ವಾಪಾನ ಇಡ್ರಿ.

ಹಾಸ್ಟೆಲ್ ಕಟ್ಟುವವರಿಗೆ, ನಡೆಸುವವರಿಗೆ ನಮ್ಮ ಬೇಡಿಕೆ ಮೂರು. ನಕಾಶೆ ಮಂಜೂರು ಮಾಡುವ ಮೊದಲು ಅಲ್ಲಿ ಉಳಿಯುವ ವಿದ್ಯಾರ್ಥಿಗಳನ್ನು, ಅದರಲ್ಲೂ ಹುಡುಗಿಯರನ್ನು, ಕೂಡಿಸಿ ಬಚ್ಚಲು ಹೆಂಗಿರಬೇಕು ಅಂತ ಕೇಳಿರಿ. ಹೆಸರು ಬರೆಯದೆ ಯಾವ ಭಾಷೆಯಲ್ಲಾದರೂ ಚೀಟಿ ಹಾಕುವ ಒಂದು ಪೆಟ್ಟಿಗೆ ಇಡಿರಿ. ನಮ್ಮ ಭಾಗದ ಮಕ್ಕಳು ಹೆಚ್ಚಿರುವ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಕನ್ನಡ ಬಲ್ಲ ಒಬ್ಬ ಹೆಣ್ಣುಮಗಳಾದರೂ ಸಿಬ್ಬಂದಿಯಲ್ಲಿರಲಿ.

ಪಾಲಕರಿಗೆ ಬೇಡಿಕೆ ಒಂದೇ. ಹಾಸ್ಟೆಲ್ ನೋಡಲು ಅಪ್ಪ ಒಬ್ಬನೇ ಹೋಗಬ್ಯಾಡ್ರಿ, ಅವ್ವನನ್ನೂ ಕರಕೊಂಡು ಹೋಗ್ರಿ. ಅಪ್ಪ ಆಫೀಸಿನಲ್ಲಿ ಫೀ ಮಾತಾಡುತ್ತಿರಲಿ, ಅವ್ವ ಒಳಗೆ ಹೋಗಿ ಚಿಲಕ ಹಾಕಿ ನೋಡಲಿ, ನಲ್ಲಿ ತಿರುವಿ ನೋಡಲಿ, ಅಲ್ಲಿರುವ ಹುಡುಗಿಯರನ್ನು ಎರಡು ಮಾತು ಕೇಳಲಿ. ಮಗಳು ಹೋದ ಮೇಲೆ ಫೋನಿನಲ್ಲಿ “ಊಟ ಆತೇನವ್ವಾ?” ಅಂತ ಕೇಳುವ ಹಾಗೆ “ಜಳಕ ಆತೇನವ್ವಾ? ನೀರ ಬರತಾವೇನು? ಬಾಗಲಾ ಸರಿ ಅದ ಏನು?” ಅಂತಲೂ ಕೇಳ್ರಿ. ಗಂಡುಮಗನಿಗೂ ಕೇಳ್ರಿ. ನೀವು ಕೇಳಿದರೆ ಅವರು ಹೇಳುತ್ತಾರೆ.

ವಾಪಸ್ ಬಂದ ಆ ಹುಡುಗಿ ಈ ವರ್ಷ ಮತ್ತೆ ಅರ್ಜಿ ಹಾಕಿದ್ದಾಳೆ. ಈ ಸಲ ಅವಳ ಅವ್ವ, ನಮ್ಮ ಅಕ್ಕ ಇಬ್ಬರೂ ಮೊದಲೇ ಹೋಗಿ ಬಚ್ಚಲು ನೋಡಿ ಬಂದಿದ್ದಾರೆ. ಎಂಟಕ್ಕೆ ಒಂದು ಇಲ್ಲ, ಹತ್ತಕ್ಕೆ ಒಂದು ಇದೆ. ಚಿಲಕ ಮಾತ್ರ ಎಲ್ಲಾ ಗಟ್ಟಿ ಇದ್ದಾವಂತ.